ಹನ್ನೊಂದು ಸಮ ಹನ್ನೊಂದು

ಹೇಳಿದ್ದು ಎಲ್ಲರೆದುರಿಗೆ, ಅದೂ ಬಾಯ್ತುಂಬ ತಾಮಿಯ್ಯ ವಡೆ ತುರುಕಿಕೊಂಡು. ವಡೆಯ ಹಸಿರು ಚೂರೊಂದು ಭೂಗೋಳದ ಮೇಷ್ಟ್ರು ಬಯೂಮಿಯ ಮೀಸೆಗೆ ಅಂಟಿಕೊಂಡಿತ್ತು. ಅವನು ಮಾತಾಡಿದಷ್ಟು ಹೊತ್ತೂ ಉಸ್ತಾದ್ ವಗ್ದಿ ಅದನ್ನೇ ನೋಡುತ್ತಿದ್ದ. “ಅಲ್ಲಯ್ಯಾ ವಗ್ದಿ, ನಿನ್ನ ಮಗಳು ಹೈಸಮ್ ಸೆಂಟರಿನಲ್ಲಿ ಮುಂದಿನ ಸಾಲಲ್ಲೇ ಕೂತ್ಕೋತಾಳಂತೆ? ನನ್ನ ಮಗಳು ಹೇಳಿದ್ಲು. ಗಣಿತದ ಮೇಷ್ಟ್ರ ಮಗಳಿಗೆ ಗಣಿತದ ಟ್ಯೂಶನ್ನು! ಮನೇಲಿ ಬಾವಿ ಇಟ್ಕೊಂಡು ಬೀದಿ ನಲ್ಲೀಲಿ ಕೊಡ ಹಿಡೀತಾರೇನಯ್ಯಾ ಯಾರಾದ್ರೂ?” ಶಿಕ್ಷಕರ ಕೋಣೆಯಲ್ಲಿ ಇದ್ದಕ್ಕಿದ್ದಂತೆ ಎಲ್ಲರಿಗೂ ಕೆಲಸ ಬಂತು. ಒಬ್ಬ ಚಹಾಕ್ಕೆ ಸಕ್ಕರೆ ಕಲಕತೊಡಗಿದ, ಇನ್ನೊಬ್ಬ ಪೆನ್ನು ಬಿಚ್ಚಿ ಮುಚ್ಚಿದ, ವಿಜ್ಞಾನದ ಮದಾಮ್ ಕೌಸರ್ ಗಾಜಿನ ಲೋಟದ ಹಿಂದೆ ನಗು ಬಚ್ಚಿಟ್ಟುಕೊಂಡಳು. ಲೋಟ ಗಾಜಿನದು ಎಂಬುದೂ ಹೊಳೆಯದ ಹೆಂಗಸು ಮಕ್ಕಳಿಗೆ ಬೆಳಕಿನ ಪಾಠ ಮಾಡುತ್ತಾಳೆ. “ಗೊತ್ತು,” ಎಂದ ವಗ್ದಿ. “ನಾನೇ ಕಳಿಸಿದ್ದು. ಆ ಪೋಸ್ಟರ್ ಗೊಂಬೆ ಹೈಸಮ್ ಏನು ಕಲಿಸ್ತಾನೆ ಅಂತ ನೋಡೋಣಾಂತ.” ಮಾತು ಬಾಯಿಂದ ಹೊರಬಿದ್ದ ಮೇಲೆ, ಇದನ್ನು ಈ ಕೋಣೆಯ ಮೇಜು ಕುರ್ಚಿಗಳೂ ನಂಬುವುದಿಲ್ಲ ಎಂದು ತಿಳಿಯಿತು. ಬಯೂಮಿ ನಂಬಿದವನಂತೆ ತಲೆಯಾಡಿಸಿದ, ಅದು ಇನ್ನೂ ಕೆಟ್ಟದ್ದು.

ಹೋದ ತಿಂಗಳು ಇದೇ ಕೋಣೆಗೆ ವಗ್ದಿ ತಟ್ಟೆ ತುಂಬ ಬಸ್‌ಬೂಸಾ ಸಿಹಿ ತಂದಿದ್ದ. ತಿಂಗಳ ಪರೀಕ್ಷೆಯಲ್ಲಿ ಮಗಳು ರಿಹಾಮ್‌ಗೆ ಗಣಿತದಲ್ಲಿ ಹತ್ತಿರ ಹತ್ತಿರ ಪೂರ್ತಿ ಅಂಕ ಬಂದಿತ್ತು. ಅರ್ಧವಾರ್ಷಿಕದಲ್ಲಿ ಮುಗ್ಗರಿಸಿದ್ದ ಹುಡುಗಿ! ಈ ವರ್ಷದ ಅಂಕ ಕೈಕೊಟ್ಟರೆ ಮುಂದೆ ಪ್ರೌಢಶಾಲೆಯ ಬಾಗಿಲು ಮುಚ್ಚಿ, ಮೇಷ್ಟ್ರ ಮಗಳು ವಾಣಿಜ್ಯ ಶಾಲೆಯಲ್ಲಿ ಟೈಪು ಕುಟ್ಟಬೇಕಾಗುತ್ತಿತ್ತು. “ಏನೂ ಮಂತ್ರ ಇಲ್ಲಪ್ಪಾ,” ಎಂದು ತಟ್ಟೆ ಹಿಡಿದು ಒಬ್ಬೊಬ್ಬರ ಮುಂದೆಯೂ ನಿಂತು ಹೇಳಿದ್ದ, “ಶುಕ್ರವಾರ ನಮಾಜು ಮುಗಿಸಿ ಬಂದು ಮೇಜಿನ ಮುಂದೆ ಕೂರಿಸ್ಕೋತೀನಿ. ಅಷ್ಟೇ. ಬುಡದಿಂದ ಕಲಿಸಿದ್ರೆ ಕಲ್ಲಿಗೂ ಬರುತ್ತೆ.” ಎಲ್ಲರೂ ಬೆರಳು ನೆಕ್ಕಿಕೊಂಡು ತಿಂದಿದ್ದರು, ಮೊದಲು ಕೈಯಿಟ್ಟವನು ಬಯೂಮಿಯೇ. ಆಗಲೇ ಅವನಿಗೆ ಗೊತ್ತಿತ್ತೋ ಏನೋ. ಗೊತ್ತಿದ್ದೂ ತಿಂದನೋ, ತಿಂದ ಮೇಲೆ ಗೊತ್ತಾಯಿತೋ? ವಗ್ದಿಗೆ ಆ ಬಸ್‌ಬೂಸಾವನ್ನು ಅವರೆಲ್ಲರ ಹೊಟ್ಟೆಯಿಂದ ವಾಪಸು ಕಕ್ಕಿಸಬೇಕೆನಿಸಿತು.

ಆಮೇಲೆ ಮಾಧ್ಯಮಿಕದ ಕೊನೆಯ ವರ್ಷವಾದ ಮೂರನೆಯ ತರಗತಿಗೆ ಹೋಗಿ ಪಾಠ ಮಾಡಿದ. ಪಾಠವೂ ಅದೇ ಇರಬೇಕೆ? ಎರಡು ಸಮೀಕರಣ, ಸೀನ್ ಮತ್ತು ಸಾದ್ ಎಂಬ ಎರಡು ಅರಬ್ಬೀ ಅಕ್ಷರ, ಎರಡರ ಬೆಲೆಯೂ ಗೊತ್ತಿಲ್ಲ. ಬಿಡಿಸುವುದು ಆದೇಶ ವಿಧಾನದಿಂದ. ಬೆಂಚುಗಳು ಮುಕ್ಕಾಲು ಖಾಲಿ. ಮನೆಯಲ್ಲಿ ಮಧ್ಯಾಹ್ನದವರೆಗೆ ಬಿದ್ದುಕೊಂಡು ಸಂಜೆ ಸೆಂಟರುಗಳ ಮುಂದೆ ನೂಕುನುಗ್ಗಲು ಮಾಡುವ ಮಹನೀಯರಿಗೆ ಶಾಲೆ ಯಾಕೆ ಬೇಕು? ಬಂದ ಕೆಲವರು ಬಂದದ್ದು ಮನೆಯಲ್ಲಿ ಮಲಗಲು ಜಾಗವಿಲ್ಲದ್ದಕ್ಕೆ. ನಡುವೆ ಸೀಳಿದ ಕಪ್ಪು ಹಲಗೆಯ ಬಲಭಾಗ ಮಾತ್ರ ಬರೆಯಲು ಯೋಗ್ಯವಾಗಿತ್ತು. ಅಲ್ಲಿ ಮೊದಲ ಸಮೀಕರಣ, ಅದರ ಕೆಳಗೆ ಎರಡನೆಯದು. ಮೊದಲನೆಯದರಿಂದ ಸೀನ್ ಅಂದರೆ ಎಷ್ಟು ಎಂಬುದನ್ನು ಸಾದ್‌ನ ಮಾತಿನಲ್ಲಿ ಬಿಡಿಸಿ ಬರೆಯುವುದು, ಅದನ್ನು ತಂದು ಎರಡನೆಯದರಲ್ಲಿ ಸೀನ್ ಕೂತಿದ್ದ ಜಾಗದಲ್ಲಿ ಕೂರಿಸುವುದು. ಆಗ ಸಾದ್ ಒಂದೇ ಉಳಿಯುತ್ತದೆ, ಒಂಟಿಯಾದದ್ದು ಬಾಯಿ ಬಿಡಲೇಬೇಕು. ಇಷ್ಟು ಚೊಕ್ಕಟವಾದದ್ದು ಈ ಊರಿನಲ್ಲಿ ಮತ್ತೊಂದಿಲ್ಲ ಎಂದು ವಗ್ದಿಗೆ ಪ್ರತಿ ವರ್ಷವೂ ಅನ್ನಿಸುತ್ತಿತ್ತು. ಇವತ್ತು ಸುಣ್ಣದ ಕಡ್ಡಿ ಹಿಡಿದ ಕೈ ತನ್ನಷ್ಟಕ್ಕೆ ಬರೆಯುತ್ತಿದ್ದರೆ ಅವನು ಹಲಗೆಯಲ್ಲಿ ಹೈಸಮ್‌ನ ಮುಂದಿನ ಸಾಲನ್ನು ನೋಡುತ್ತಿದ್ದ.

ಝಗಾಝೀಗ್ ಊರಿನ ಗೋಡೆ ಗೋಡೆಯ ಮೇಲೂ ಆ ಮುಖ. ಮುವೈಸ್ ಕಾಲುವೆಯ ಸೇತುವೆಗೆ, ಮೀನಿನ ಅಂಗಡಿಯ ಷಟರಿಗೆ, ಟುಕ್‌ಟುಕ್ ಆಟೋಗಳ ಬೆನ್ನಿಗೆ. ಎದೆಯ ಮೇಲೆ ಕೈಕಟ್ಟಿಕೊಂಡು, ಕೂದಲಿಗೆ ಎಣ್ಣೆಯೋ ಜಿಡ್ಡೋ ಮೆತ್ತಿಕೊಂಡು ನಿಂತ ಮಿಸ್ಟರ್ ಹೈಸಮ್; ಕೆಳಗೆ ಬಂಗಾರದ ಅಕ್ಷರಗಳಲ್ಲಿ ‘ಗಣಿತದ ಫೇರೋ’. ಫೇರೋ ಅಂತೆ, ಈಜಿಪ್ಟಿನ ಚಕ್ರವರ್ತಿಯಂತೆ! ಓದಿದ್ದು ವಾಣಿಜ್ಯ, ಶಾಲೆಯ ಮೆಟ್ಟಿಲು ಮೇಷ್ಟ್ರಾಗಿ ಒಂದು ದಿನವೂ ಹತ್ತಿದವನಲ್ಲ. ಅವನನ್ನು ಮಕ್ಕಳು ಮಿಸ್ಟರ್ ಅನ್ನುತ್ತಾರೆ, ಉಸ್ತಾದ್ ಎಂದು ಕರೆಯುವುದಿಲ್ಲ. ಸದ್ಯ, ಅಷ್ಟಾದರೂ ಮರ್ಯಾದೆ ಉಳಿದಿದೆ ಎಂದುಕೊಂಡು ವಗ್ದಿ ಮನೆಯ ದಾರಿ ಬಿಟ್ಟು ಸ್ಟೇಷನ್ ಪಕ್ಕದ ಹೈಸಮ್ ಸೆಂಟರಿನ ಕಡೆ ತಿರುಗಿದ. ಹಿಂದಿನ ದಿನದ ಮಳೆಗೆ ಬೀದಿಯೆಲ್ಲ ಕೆಸರು, ಪ್ಯಾಂಟಿನ ಅಂಚು ಎತ್ತಿ ಹಿಡಿದು ನಡೆಯಬೇಕಾಗಿತ್ತು. ಹಾಗೆ ಪ್ಯಾಂಟು ಎತ್ತಿಕೊಂಡೇ ನ್ಯಾಯ ಕೇಳಲು ಹೋಗುವವನ ಮೇಲೆ ಅವನಿಗೇ ಅಸಹ್ಯವಾಯಿತು. ಏನು ಕೇಳುವುದು? ಯಾಕೆ ನನ್ನ ಮಗಳಿಗೆ ಕಲಿಸಿದೆ ಎಂದೇ? ಇನ್‌ಶಿರಾಹ್‌ಳದೇ ಕೆಲಸ ಇದು, ಹೆಂಡತಿಯದೇ. ದರ್ಜಿಯ ಮನೆಗೆ, ಅತ್ತೆಯ ಮನೆಗೆ, ಗೆಳತಿಯ ಮನೆಗೆ ಎಂದು ವಾರ ವಾರ ಮಗಳನ್ನು ಕರೆದುಕೊಂಡು ಹೊರಡುತ್ತಿದ್ದಳು. ಒಂದು ಉಡುಪನ್ನೂ ಹೊಲಿಸದೆ ಇಷ್ಟು ಸಲ ದರ್ಜಿಯ ಮನೆಗೆ ಯಾಕೆ ಹೋಗುತ್ತಾರೆ ಎಂದು ಕೇಳಲು ಗಣಿತದ ಮೇಷ್ಟ್ರಿಗೆ ತಲೆ ಓಡಲಿಲ್ಲ.

ಆ ಊಟದ ಮೇಜು. ಒಂದು ಕಾಲದಲ್ಲಿ ಸಂಜೆಯಾದರೆ ಅದರ ಸುತ್ತ ಮೊಣಕೈಗೆ ಮೊಣಕೈ ತಾಗಿಸಿ ಟ್ಯೂಶನ್ನಿನ ಹುಡುಗರು ಕೂರುತ್ತಿದ್ದರು, ಇನ್‌ಶಿರಾಹ್ ತಟ್ಟೆಯಿಡಲು ಜಾಗವಿಲ್ಲವೆಂದು ಗೊಣಗುತ್ತಿದ್ದಳು. ಒಬ್ಬೊಬ್ಬರಾಗಿ ಸೆಂಟರುಗಳಿಗೆ ಜಾರಿಕೊಂಡರು; ಕೊನೆಗೆ ಮೇಜಿನ ಮುಂದೆ ಕೂರುವುದನ್ನು ತಪ್ಪಿಸಿಕೊಳ್ಳಲಾರದವಳು ರಿಹಾಮ್ ಒಬ್ಬಳೇ ಉಳಿದಳು. ಏಳು ವರ್ಷದವಳಿರುವಾಗ ಅದೇ ಮೇಜಿನ ಮುಂದೆ ಮಗ್ಗಿ ತಪ್ಪಿ, ಕತ್ತೆ ಎನ್ನಿಸಿಕೊಂಡು, ಅಳು ನುಂಗಲು ಹೋಗಿ ಬಿಕ್ಕಳಿಕೆ ಹಿಡಿದು, ಬಿಕ್ಕುತ್ತ ಬಿಕ್ಕುತ್ತಲೇ ಮತ್ತೆ ಮೊದಲಿಂದ ಹೇಳಿದ್ದಳು. ಇನ್‌ಶಿರಾಹ್ ಅಡುಗೆಮನೆಯಿಂದ ಬಂದು ಮಗುವನ್ನು ಎತ್ತಿಕೊಂಡು ಹೋಗಿದ್ದಳು. ಬೈಯದೆ ಯಾರಿಗಾದರೂ ಗಣಿತ ಬಂದಿದೆಯೇ? ತನಗೆ ಬಂದದ್ದು ಬೈಗುಳದಿಂದಲೇ, ತನ್ನ ಮೇಷ್ಟ್ರು ಬೈಗುಳದ ಜೊತೆಗೆ ಕೋಲನ್ನೂ ಕೊಡುತ್ತಿದ್ದರು. ಆದರೂ ಆ ಬಿಕ್ಕಳಿಕೆಯ ಸದ್ದು ಹೋಗುವುದಿಲ್ಲ, ಆಗಾಗ ಬರುತ್ತದೆ. ಬಯೂಮಿ ಏನಂದರೇನು, ಹೆಡ್‌ಮಾಸ್ಟರ್ ಏನಂದರೇನು, ಇಡೀ ಝಗಾಝೀಗ್ ಒಟ್ಟಾಗಿ ಉಗಿದರೂ ವಗ್ದಿ ಒರೆಸಿಕೊಂಡು ಹೋದಾನು. ಅವನಿಗೆ ಬೇಕಾಗಿದ್ದದ್ದು ಒಂದೇ: ಅಪ್ಪನಿಗೆ, ತನ್ನ ಬಾಬಾನಿಗೆ ಗೊತ್ತು, ಬಾಬಾನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ ಎಂದು ಆ ಹುಡುಗಿ ನಂಬಿಕೊಂಡಿರಬೇಕು. ಹೆದರಿಯಾದರೂ ಸರಿ, ನಂಬಬೇಕು.

ಸೆಂಟರ್ ಎಂದರೆ ಅದೊಂದು ಮದುವೆಯ ಹಾಲು. ರಾತ್ರಿ ಮದುವೆ, ಹಗಲು ಸಮೀಕರಣ. ವೇದಿಕೆಯ ಮೇಲೆ ವಧೂವರರು ಕೂರುವ ಬಂಗಾರದ ಬಣ್ಣದ ಜೋಡಿ ಸಿಂಹಾಸನವನ್ನು ಪಕ್ಕಕ್ಕೆ ತಳ್ಳಿ, ಪ್ಲಾಸ್ಟಿಕ್ ಗುಲಾಬಿಗಳ ಕಮಾನಿನ ಕೆಳಗೆ ಉದ್ದನೆಯ ಬಿಳಿ ಹಲಗೆ ನಿಲ್ಲಿಸಿದ್ದರು. ಬಾಗಿಲಲ್ಲಿ ಬಬ್ಬಲ್‌ಗಮ್ ಅಗಿಯುತ್ತಿದ್ದ ಹುಡುಗಿಯೊಬ್ಬಳು ಕೈ ಅಡ್ಡ ಹಿಡಿದು, “ಕೋಡ್ ಹೇಳಿ ಹಾಜಿ,” ಎಂದಳು. “ಹಾಜಿಯಂತೆ ಹಾಜಿ, ಮುದುಕನಾ ನಾನು? ನಾನು ಉಸ್ತಾದ್. ನನ್ನ ಮಗಳಿದ್ದಾಳೆ ಒಳಗೆ.” “ಪೋಷಕರು ಪಾಠ ಮುಗಿದ ಮೇಲೆ ಬರ್ಬೇಕು ಹಾಜಿ,” ಎಂದು ಅವಳು ಗುಳ್ಳೆ ಊದಿದಳು. ಅವನು ಅವಳ ಕೈ ಸರಿಸಿ ಒಳಗೆ ಹೋದ. ಹುಡುಗರು ಒಂದು ಕಡೆ, ಹುಡುಗಿಯರು ಒಂದು ಕಡೆ, ಕುರ್ಚಿ ಸಾಲದೆ ನೆಲದ ಮೇಲೂ ಕೂತಿದ್ದರು. ಇವನ ಶಾಲೆಯ ಮೂರನೆಯ ತರಗತಿ ಇಲ್ಲಿತ್ತು, ಕಣ್ಣು ತೆರೆದುಕೊಂಡು.

ರಿಹಾಮ್‌ಳನ್ನು ಹುಡುಕಬೇಕಾಗಲಿಲ್ಲ. ನೀಲಿ ತಲೆವಸ್ತ್ರ, ಮುಂದಿನ ಸಾಲು. ಅವಳು ನಗುತ್ತಿದ್ದಳು. ಕಿವಿಗೆ ಸಿಕ್ಕಿಸಿದ ಮೈಕಿನಲ್ಲಿ ಹೈಸಮ್ ಹೇಳುತ್ತಿದ್ದ: “ಈ ಸೀನ್ ಮಹಾಶಯ ಎದುರು ಮನೆಗೆ ಹೋಗ್ಬೇಕು, ಆದ್ರೆ ಸ್ವಂತ ಬಟ್ಟೆಯಲ್ಲಿ ಹೋದ್ರೆ ಮಾವ ಗುರುತು ಹಿಡೀತಾನೆ. ಏನ್ ಮಾಡ್ತಾನೆ? ಸಾದ್‌ನ ಬಟ್ಟೆ ಹಾಕ್ಕೊಂಡು ಹೋಗ್ತಾನೆ! ಎಲ್ಲರೂ ಹೇಳಿ, ಯಾರ ಬಟ್ಟೆ?” “ಸಾದ್‌ದು!” ಎಂದು ಹಾಲು ಕೂಗಿತು, ರಿಹಾಮ್ ಕೂಡ ಕತ್ತು ಉದ್ದ ಮಾಡಿ ಕೂಗಿದಳು. ಗಣಿತದ ಮುಂದೆ ಕೂತು ನಗುವ ತನ್ನ ಮಗಳನ್ನು ವಗ್ದಿ ಯಾವತ್ತೂ ನೋಡಿರಲಿಲ್ಲ. ತನಗಾಗುತ್ತಿರುವುದು ಹೊಟ್ಟೆಕಿಚ್ಚು ಎಂದು ಗೊತ್ತಾಗಿ, ವಾಣಿಜ್ಯ ಓದಿದವನ ಮೇಲೆ ತನಗೆ ಹೊಟ್ಟೆಕಿಚ್ಚೆ ಎಂದು ಇನ್ನೂ ಉರಿಯಿತು. “ಇದು ಗಣಿತವಾ?” ಎಂದ. ಮೆಲ್ಲಗೆ ಅಂದುಕೊಂಡೇ ಹೇಳಿದ್ದು, ಆದರೆ ಮೇಷ್ಟ್ರ ಗಂಟಲು, ಕೊನೆಯ ಬೆಂಚಿಗೆ ಕೇಳಿಸಿ ರೂಢಿ. “ಕೋತಿ ಕುಣಿಸೋದಕ್ಕೆ ಗಣಿತ ಅಂತಾರಾ?”

ತಲೆಗಳೆಲ್ಲ ತಿರುಗಿದವು. ರಿಹಾಮ್ ತಿರುಗಿದಳು, ನೋಡಿದಳು, ಮತ್ತೆ ಮುಂದಕ್ಕೆ ತಿರುಗಿ ಕೂತಳು. ಅವಳ ಕತ್ತು ಕೆಂಪಾಗುವುದು ಅಷ್ಟು ದೂರದಿಂದಲೂ ಕಾಣುತ್ತದೆ ಎಂದು ವಗ್ದಿಗೆ ಅನ್ನಿಸಿತು. ಹೈಸಮ್ ಕೋಪಿಸಿಕೊಳ್ಳಲಿಲ್ಲ. ಕೋಪಿಸಿಕೊಳ್ಳಬಾರದೇ ದರಿದ್ರದವನು! “ಮಕ್ಕಳೇ, ನಮ್ಮ ಸೆಂಟರಿಗೆ ಹಿರಿಯರೊಬ್ಬರು ಬಂದಿದ್ದಾರೆ,” ಎಂದ. “ಬನ್ನಿ ಉಸ್ತಾದ್, ಮೇಲೆ ಬನ್ನಿ. ನಾವೆಲ್ಲ ನಿಮ್ಮಂಥವರ ಕೈಲಿ ಕಲಿತವರೇ. ಈ ಲೆಕ್ಕ ನೀವೇ ಮಾಡಿ ತೋರಿಸಿ, ನಮ್ಮ ಮಕ್ಕಳೂ ಹಳೇ ರುಚಿ ನೋಡ್ಲಿ.” ಹಾಲಿನಲ್ಲಿ ಉತ್ಸಾಹ ಹುಟ್ಟಿತು. ವಗ್ದಿ ಹೋಗಬಾರದಿತ್ತು. ಹೋಗಬಾರದು ಎಂದುಕೊಳ್ಳುತ್ತಲೇ ಕೆಸರಿನ ಷೂಗಳಿಂದ ವೇದಿಕೆಯ ಕೆಂಪು ಜಮಖಾನೆಯ ಮೇಲೆ ಹೆಜ್ಜೆಯಿಟ್ಟ. ತೋರಿಸುತ್ತೇನೆ, ಗಣಿತ ಅಂದರೇನೆಂದು ಇವತ್ತು ತೋರಿಸುತ್ತೇನೆ. ಬಟ್ಟೆಯಿಲ್ಲ, ಮಾವನಿಲ್ಲ, ಎರಡು ಸಾಲು ಸಾಕು, ರಿಹಾಮ್ ನೋಡಲಿ.

ಹಲಗೆ ವಿಪರೀತ ಉದ್ದವಿತ್ತು. ಈ ಫೇರೋ ಎರಡು ಸಮೀಕರಣಗಳನ್ನು ಒಂದರ ಕೆಳಗೊಂದು ಬರೆದಿರಲಿಲ್ಲ, ಒಂದೇ ಸಾಲಿನಲ್ಲಿ ಬರೆದಿದ್ದ. ಬಲತುದಿಯಲ್ಲಿ ಮೊದಲನೆಯದು, ಸೀನ್ ಕೂಡು ಎರಡು ಸಾದ್ ಸಮ ಹನ್ನೊಂದು. ದೂರದಲ್ಲಿ ಎಡತುದಿಯಲ್ಲಿ ಎರಡನೆಯದು, ಮೂರು ಸೀನ್ ಕಳೆ ಸಾದ್ ಸಮ ಐದು. ವಗ್ದಿ ಪೆನ್ನು ತೆಗೆದುಕೊಂಡ. ಸುಣ್ಣದ ಕಡ್ಡಿಯ ಹಿಡಿತದಲ್ಲೇ ಹಿಡಿದ, ಅದು ಜಾರಿತು. ಮೊದಲನೆಯದರ ಕೆಳಗೆ ಬರೆದ: ಸೀನ್ ಸಮ ಹನ್ನೊಂದು ಕಳೆ ಎರಡು ಸಾದ್. ಒಂದೇ ಏಟು. ಮಗಳು ನೋಡುತ್ತಿದ್ದಾಳೆಯೇ? ನೋಡುತ್ತಿರಬೇಕು, ತಿರುಗಿದರೆ ತಿಳಿಯುತ್ತದೆ, ತಿರುಗುವುದು ಬೇಡ. ಹೊಸ ಸಾಲು. ಜೀವಮಾನವೆಲ್ಲ ಅರಬ್ಬಿಯ ಹೊಸ ಸಾಲನ್ನು ಬಲತುದಿಯಿಂದ ಶುರುಮಾಡಿದ ಕೈ ಬಲತುದಿಗೇ ಹೋಯಿತು. ಶಾಲೆಯ ಸೀಳಿದ ಹಲಗೆಯಲ್ಲಾಗಿದ್ದರೆ ಅಲ್ಲಿ ತಲೆಯ ಮೇಲೇ ಎರಡನೆಯ ಸಮೀಕರಣ ಇರುತ್ತಿತ್ತು, ಇಲ್ಲಿ ಇದ್ದದ್ದು ಮೊದಲನೆಯದು. ಅದರಲ್ಲೇ ಸೀನ್ ಇದ್ದ ಜಾಗಕ್ಕೆ ಬಿಡಿಸಿದ್ದನ್ನು ತಂದು ಕೂರಿಸಿದ. ಹನ್ನೊಂದು ಕಳೆ ಎರಡು ಸಾದ್ ಕೂಡು ಎರಡು ಸಾದ್ ಸಮ ಹನ್ನೊಂದು. ಎರಡು ಸಾದ್‌ಗಳನ್ನೂ ಬಹಳ ಬಿಗುಮಾನದಿಂದ ಹೊಡೆದುಹಾಕಿದ. ಹನ್ನೊಂದು ಸಮ ಹನ್ನೊಂದು. ಬರೆದು, ಅಡಿಗೆರೆಯನ್ನೂ ಎಳೆದ.

ಎಳೆದ ಮೇಲೆ ಓದಿದ. ಸಾದ್ ಎಲ್ಲಿ? ಸಾದ್ ಇರಲಿಲ್ಲ, ಸೀನ್ ಇರಲಿಲ್ಲ. ಹನ್ನೊಂದು ಹನ್ನೊಂದಕ್ಕೆ ಸಮ ಎಂದು, ಹುಟ್ಟಿದ ಕೂಸಿಗೂ ಗೊತ್ತಿರುವುದನ್ನು, ಮದುವೆಯ ಮಂಟಪದ ಕೆಳಗೆ ನಿಂತು ಸಾರಿದಂತಾಗಿತ್ತು. ತಪ್ಪೆಲ್ಲಿ ಎಂದು ಕಣ್ಣು ಓಡಾಡಿತು, ಕಣ್ಣಿಗೆ ಅಕ್ಷರಗಳು ಇರುವೆಗಳ ಹಾಗೆ ಕಂಡವು. ಹುಡುಗರ ಕಡೆಯಿಂದ ಮೊದಲ ನಗು ಬಂತು, ಮೂಗಿನಲ್ಲಿ. ಆಮೇಲೆ ಕಟ್ಟೆ ಒಡೆಯಿತು. “ಹೊಸ ವಿಷಯ ಕಂಡುಹಿಡಿದ್ರು ಹಾಜಿ!” ಎಂದು ಒಬ್ಬ ಕೂಗಿದ. ಆ ಗದ್ದಲದಲ್ಲೇ ಹುಡುಗಿಯರ ಕಡೆಯಿಂದ ಒಂದು ಧ್ವನಿ ಕೇಳಿಸಿತು, ತೆಳ್ಳಗಿನ ಧ್ವನಿ, ಪ್ರತಿದಿನ ಮನೆಯಲ್ಲಿ ಕೇಳುವುದು. “ಎರಡನೇದರಲ್ಲಿ ಹಾಕ್ಬೇಕು, ಉಸ್ತಾದ್.” ರಿಹಾಮ್ ಎದ್ದು ನಿಂತಿದ್ದಳು. ಬಾಬಾ ಎನ್ನಲಿಲ್ಲ. ಮಗಳೆಂದು ಇಡೀ ಹಾಲಿಗೆ ಗೊತ್ತಾಗದಂತೆ ಉಸ್ತಾದ್ ಎಂದಳು. ವಗ್ದಿಗೆ ಮೊದಲು ಆದದ್ದು ನೋವಲ್ಲ, ನೆಮ್ಮದಿ. ಸದ್ಯ, ಯಾರಿಗೂ ಗೊತ್ತಾಗಲಿಲ್ಲ! ಆ ನೆಮ್ಮದಿಗೆ ಅವನು ಆಮೇಲೆ ಎಷ್ಟು ಬೈದುಕೊಂಡನೋ.

“ಚಪ್ಪಾಳೆ!” ಎಂದ ಹೈಸಮ್ ತಟ್ಟನೆ. “ನೋಡಿದ್ರಾ ಮಕ್ಕಳೇ? ಉಸ್ತಾದ್ ಬೇಕೂಂತಲೇ ತಪ್ಪು ಮಾಡಿ ತೋರಿಸಿದ್ರು. ಪರೀಕ್ಷೇಲಿ ನಿಮ್ಮಲ್ಲಿ ಅರ್ಧ ಜನ ಬೀಳೋದು ಇದೇ ಗುಂಡೀಲಿ. ಅಲ್ವಾ ಉಸ್ತಾದ್?” ಅವನ ಕಣ್ಣಿನಲ್ಲಿ ಗೆದ್ದ ಹಮ್ಮು ಇರಲಿಲ್ಲ, ಬಿದ್ದ ಮುದುಕನನ್ನು ಎತ್ತಿ ಧೂಳು ಕೊಡವುವವನ ಅವಸರವಿತ್ತು. ಇಲ್ಲ, ನಾನು ತಪ್ಪಿದೆ ಎನ್ನಬಹುದಿತ್ತು. ಅಷ್ಟು ಹೇಳಿದ್ದರೆ ವೇದಿಕೆಯಿಂದ ನೆಟ್ಟಗೆ ಇಳಿಯಬಹುದಿತ್ತು. “ಹೌದು,” ಎಂದ ವಗ್ದಿ, “ಬೇಕೂಂತಲೇ.” ಮೈಕು ಅದನ್ನು ಹಿಡಿದು ಹಾಲಿಗೆಲ್ಲ ಕೇಳಿಸಿತು. ಇಳಿಯುವಾಗ ಅವನು ಮುಂದಿನ ಸಾಲಿನ ಕಡೆ ನೋಡಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ಅವರಲ್ಲಿ ಅವಳೂ ತಟ್ಟುತ್ತಿದ್ದಳೋ ಇಲ್ಲವೋ ತಿಳಿಯುವುದು ಅವನಿಗೆ ಬೇಡವಾಗಿತ್ತು.

ಕಾಲುವೆಯ ದಂಡೆಯಲ್ಲಿ ಹುರಿದ ಜೋಳ ಮಾರುವವನ ಹೊಗೆ ಕುಡಿಯುತ್ತ ಬಹಳ ಹೊತ್ತು ನಿಂತ. ನಗುವವರು ನಗಲಿ, ನಾಳೆ ಬಯೂಮಿಯ ಮಗಳು ಮನೆಯಲ್ಲಿ ಹೇಳುತ್ತಾಳೆ, ನಾಡಿದ್ದು ಬಯೂಮಿ ಇನ್ನೊಂದು ವಡೆ ತುರುಕಿಕೊಂಡು ಶುರುಮಾಡುತ್ತಾನೆ; ಅದೆಲ್ಲ ಹಾಳಾಗಲಿ. ಮನೆಯಲ್ಲಿ ಏನಾಗುತ್ತದೆ? ಅವಳು ಹೇಳುತ್ತಾಳೆ, ತಾಯಿಗೆ ಹೇಳುತ್ತಾಳೆ, ಇಬ್ಬರೂ ಅಡುಗೆಮನೆಯಲ್ಲಿ ಬಾಯಿಗೆ ತಲೆವಸ್ತ್ರದ ತುದಿ ತುರುಕಿಕೊಂಡು ನಗುತ್ತಾರೆ. ಅಥವಾ ಹೇಳುವುದಿಲ್ಲ, ಸುಮ್ಮನೆ ನೋಡುತ್ತಾಳೆ, ಇಷ್ಟೇನಾ ನೀವು ಎಂಬಂತೆ. ಅದಕ್ಕೂ ಅವನು ತಯಾರಾದ. ನೋಡಲಿ, ಎರಡು ಬಿಗಿದರಾಯಿತು ಎಂದುಕೊಂಡ. ಕೈಯೆತ್ತಿದವನಲ್ಲ, ಎತ್ತುವವನೂ ಅಲ್ಲ ಎಂಬುದು ಅವನಿಗೂ ಗೊತ್ತಿತ್ತು.

ಮನೆಗೆ ಬಂದಾಗ ಮಲೂಖಿಯ್ಯ ಸೊಪ್ಪಿಗೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದ ವಾಸನೆ. ರಿಹಾಮ್ ಆಗಲೇ ಬಂದಿದ್ದಳು. “ಎಲ್ಲಿ ಹೋಗಿದ್ರಿ ಇಷ್ಟು ಹೊತ್ತು? ಷೂ ನೋಡಿ, ಹೊಲ ಉತ್ತು ಬಂದ ಹಾಗಿದೆ,” ಎಂದಳು ಇನ್‌ಶಿರಾಹ್. ಅವಳ ದನಿಯಲ್ಲಿ ಏನೂ ಇರಲಿಲ್ಲ, ಅವಳಿಗೆ ಗೊತ್ತಿರಲಿಲ್ಲ. ಊಟದ ಉದ್ದಕ್ಕೂ ವಗ್ದಿ ಕಾದ. ರಿಹಾಮ್ ರೊಟ್ಟಿ ಮುರಿದಳು, ಉಪ್ಪು ಕೇಳಿದಳು, ಶಾಲೆಯ ನಲ್ಲಿಯಲ್ಲಿ ನೀರು ಬಾರದ ಕತೆ ಹೇಳಿದಳು. ಸೆಂಟರಿನ ಮಾತು ಎತ್ತಲಿಲ್ಲ. ಎತ್ತಬಾರದೇ, ಹಾಳು ಹುಡುಗಿ, ಒಮ್ಮೆಲೇ ಮುಗಿಸಿಬಿಡಬಾರದೇ ಎಂದು ಅವನು ತಟ್ಟೆಯಲ್ಲಿ ಸೊಪ್ಪು ಕಲಸುತ್ತ ಕೂತ.

ತಟ್ಟೆಗಳನ್ನು ತೆಗೆದ ಮೇಲೆ ಅವಳು ಹಾಳೆ ಪೆನ್ಸಿಲು ತಂದು ಅವನ ಪಕ್ಕದಲ್ಲಿ ಕೂತಳು. ಶುಕ್ರವಾರವಲ್ಲ, ಕರೆಯದೆ ಅವಳು ಈ ಮೇಜಿನ ಮುಂದೆ ಕೂತವಳೂ ಅಲ್ಲ. “ಬಾಬಾ,” ಎಂದಳು ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ, “ಒಂದು ಲೆಕ್ಕ ಅರ್ಥ ಆಗ್ತಿಲ್ಲ. ಸ್ವಲ್ಪ ಹೇಳ್ಕೊಡಿ.” “ಯಾಕೆ, ನಿಮ್ಮ ಫೇರೋ ಹೇಳ್ಕೊಡಲ್ವಾ?” ಎಂದು ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು. ಅವಳು ಎರಡು ಸಮೀಕರಣ ಬರೆದಳು, ಒಂದರ ಕೆಳಗೊಂದು, ಅವನು ಬರೆಯುವ ಹಾಗೆ. ಸೀನ್ ಕೂಡು ಸಾದ್ ಸಮ ಒಂಬತ್ತು. ಎರಡು ಸೀನ್ ಕಳೆ ಸಾದ್ ಸಮ ಆರು. ಮೊದಲನೆಯದರಿಂದ ಸೀನ್ ಬಿಡಿಸಿದಳು, ಸರಾಗವಾಗಿ, ಒಂದು ಉಸಿರಿನಲ್ಲಿ. ಪೆನ್ಸಿಲು ತಾನಾಗಿ ಎರಡನೆಯದರ ಕಡೆ ಹೋಯಿತು, ಎಲ್ಲೂ ತಡಕದೆ ನೇರ ಸೀನ್ ಕೂತ ಜಾಗಕ್ಕೇ ಹೋಯಿತು. ಅಲ್ಲಿ ತುದಿ ಹಾಳೆಗೆ ತಾಗುವ ಮೊದಲು ನಿಂತಿತು. ಆಮೇಲೆ ಮೆಲ್ಲಗೆ ಹಿಂದಕ್ಕೆ ಬಂದು ಮೊದಲನೆಯದರಲ್ಲೇ ಬರೆಯತೊಡಗಿತು. ಒಂಬತ್ತು ಕಳೆ ಸಾದ್ ಕೂಡು ಸಾದ್ ಸಮ ಒಂಬತ್ತು. ಒಂಬತ್ತು ಸಮ ಒಂಬತ್ತು. “ಇಲ್ಲಿಗೆ ನಿಂತುಬಿಡುತ್ತೆ ಬಾಬಾ. ಯಾಕೆ?” ಎಂದು ಕೇಳಿ, ಹಾಳೆಯಿಂದ ತಲೆಯೆತ್ತದೆ ಕೂತಳು.

ವಗ್ದಿ ಆ ಕೊನೆಯ ಸಾಲನ್ನು ಎರಡು ಸಲ ಓದಿದ. ಒಳಗೆ ಇನ್‌ಶಿರಾಹ್ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿ ಕಿವಿಗೊಟ್ಟಿದ್ದಳು. ನನಗೆ ಗೊತ್ತಮ್ಮಾ, ನಿನಗೆ ಬರುತ್ತದೆಂದು ಗೊತ್ತು, ಸಾಕು ಬಿಡು ಎನ್ನಬೇಕು. ಎಷ್ಟು ಸಣ್ಣ ಮಾತು, ಬಾಯಿಂದ ಹೊರಡಬೇಕಷ್ಟೆ. ಹೊರಟದ್ದು ಬೇರೆಯೇ. “ಕತ್ತೆ!” ಎಂದ, ತರಗತಿಯ ಧ್ವನಿಯಲ್ಲಿ. “ಹೇಳಿದವನ ಹತ್ರಾನೇ ವಾಪಸ್ ಹೋಗಿ ನೀ ಹೇಳಿದ್ದು ನಿಜವಾ ಅಂತ ಕೇಳ್ತೀಯಲ್ಲೇ, ಹೌದು ಅನ್ನದೆ ಇನ್ನೇನಂತಾನೆ ಅವನು? ಇನ್ನೊಬ್ಬ ಅಲ್ಲಿದ್ದಾನಲ್ಲ, ಅವನನ್ನ ಕೇಳು!”

“ಅಯ್ಯೋ, ಹೌದಲ್ವಾ ಬಾಬಾ,” ಎಂದಳು ರಿಹಾಮ್. ಅಡುಗೆಮನೆಯಲ್ಲಿ ಪಾತ್ರೆಗಳು ಮತ್ತೆ ಸದ್ದು ಮಾಡಿದವು. ಅವನು ಮಗಳ ಬಗ್ಗಿದ ಮುಖದಲ್ಲಿ ನಗು ಹುಡುಕಿದ, ತುಟಿಯ ಮೂಲೆಯಲ್ಲಿ, ಹುಬ್ಬಿನ ಹತ್ತಿರ, ಎಲ್ಲಾದರೂ ಒಂದು ಚೂರು ತಿರಸ್ಕಾರ ಇರಬೇಕೆಂದು ಹುಡುಕಿದ. ಅದು ಸಿಕ್ಕಿದ್ದರೆ ಬದುಕಿಕೊಳ್ಳುತ್ತಿದ್ದ. ಅದರ ಜೊತೆ ಹೇಗಿರಬೇಕೆಂದು ಅವನಿಗೆ ಗೊತ್ತಿತ್ತು. ಸಿಗಲಿಲ್ಲ. ಅವಳು ರಬ್ಬರಿನಿಂದ ಸಾಲನ್ನು ಒರೆಸಿ, ಪುಡಿಯನ್ನು ಊದಿ, ಅವನು ಇನ್ನೊಮ್ಮೆ ಬೈಯಲಿ ಎಂದು ಕಾಯುತ್ತ ಕೂತಿದ್ದಳು.